ಓದುಗರ ಪ್ರಶ್ನೆ: ಹಬ್ಬ ಮಾಡೋಣ, ಹೊಲ ಕೆಡಿಸೋದು ಬೇಡ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಹಬ್ಬದ್ದೇ. ಹೊಲಕ್ಕೆ ಹೋಗಿ ಪೂಜೆ ಮಾಡಿ ಅಲ್ಲೇ ಉಣ್ಣುವ ಎಳ್ಳ ಅಮಾವಾಸ್ಯೆ, ಕ್ರಿಸ್‌ಮಸ್, ಹೊಸ ವರ್ಷ, ಬೆನ್ನಿಗೇ ಸಂಕ್ರಾಂತಿ. ಖರ್ಚು ಹೆಚ್ಚಾಯಿತು, ಕಸ ಹೆಚ್ಚಾಯಿತು, ಯಾರಿಗಾದರೂ ಉಪಯೋಗ ಆಗೋ ಹಾಗೆ ಹಬ್ಬ ಮಾಡೋದು ಹೇಗೆ ಅಂತ ಸುಮಾರು ಜನ ಕೇಳಿದ್ದೀರಿ. ಕೆಲವಕ್ಕೆ ಇಲ್ಲಿ ಉತ್ತರ ಕೊಟ್ಟಿದ್ದೇನೆ.

ಶರಣು ಅಕ್ಕಾ. ಎಳ್ಳ ಅಮಾವಾಸ್ಯೆಗೆ ನಮ್ಮ ಹೊಲಕ್ಕೆ ಕಲಬುರಗಿಯಿಂದ ನಲವತ್ತು–ಐವತ್ತು ಜನ ಬರುತ್ತಾರೆ. ಬರಲಿ, ಸಂತೋಷವೇ. ಆದರೆ ಊಟ ಆದ ಮೇಲೆ ಬದುವಿನ ತುಂಬ ಪ್ಲೇಟು, ಲೋಟ, ನೀರಿನ ಬಾಟಲಿ. ಹೇಳಿದರೆ ಬೇಜಾರು ಮಾಡ್ಕೋತಾರೆ ಅಂತ ನಮ್ಮ ಮನೆಯವರು ಸುಮ್ನಿದ್ದಾರೆ. ಏನು ಮಾಡಲಿ?
— ರೈತ ಮಹಿಳೆ, ಆಳಂದ ತಾಲ್ಲೂಕು

ಹೇಳಲೇಬೇಕು ತಂಗಿ. ಆದರೆ ಉಂಡು ಕೈ ತೊಳೆಯುವಾಗ ಹೇಳಿದರೆ ಬೇಜಾರಾಗುತ್ತೆ, ಕರೆಯುವಾಗಲೇ ಹೇಳಿದರೆ ಬೇಜಾರಾಗಲ್ಲ. "ಹೊಲಕ್ಕೆ ಬರ್ರಿ, ಬರುವಾಗ ತಲಾ ಒಂದು ತಾಟು, ಒಂದು ಲೋಟ ಹಿಡ್ಕೊಂಡು ಬರ್ರಿ" ಅಂತ ಫೋನಿನಲ್ಲೇ ಹೇಳಿಬಿಡಿ. ಅರ್ಧ ಜನ ತರುತ್ತಾರೆ. ಉಳಿದ ಅರ್ಧಕ್ಕೆ ಊರಿನ ಪೆಂಡಾಲ್ ಅಂಗಡಿಯಲ್ಲಿ ಸ್ಟೀಲ್ ತಾಟು ಬಾಡಿಗೆಗೆ ಸಿಗುತ್ತವೆ, ಮದುವೆಗೆ ತರ್ತೀವಲ್ಲ, ಅವೇ. ತಾಟು ತೊಳೆಯೋದಕ್ಕೆ ಇಬ್ಬರನ್ನು ಗೊತ್ತು ಮಾಡಿ, ಅವರಿಗೆ ಕೂಲಿ ಕೊಡಿ. ಈ ಕೆಲಸ ಮನೆಯ ಹೆಣ್ಣುಮಕ್ಕಳ ತಲೆಗೇ ಬರಬಾರದು. ಅಷ್ಟು ಜನದ ಮುಸುರೆ ನೆನೆಸಿಕೊಂಡೇ ಎಷ್ಟೋ ಮನೆಗಳಲ್ಲಿ ಕಾಗದದ ಪ್ಲೇಟು ತರಿಸುತ್ತಾರೆ, ಅವರನ್ನು ದೂರಿ ಏನು ಪ್ರಯೋಜನ?

ನಿಜ ಹೇಳಬೇಕೆಂದರೆ ಭಜ್ಜಿಗೆ ಕಾಗದದ ಪ್ಲೇಟು ಹೊಂದೋದೇ ಇಲ್ಲ. ಹಸಿ ತೊಗರಿ, ಅವರೆ, ಕಡಲೆ, ಮೆಂತ್ಯ, ಹುಣಸೆಹುಳಿ ಎಲ್ಲಾ ಬೆಂದು ಗಟ್ಟಿಯಾದ ಬಿಸಿ ಭಜ್ಜಿ ಒಂದು ಸೌಟು ಬಿದ್ದರೆ ಪ್ಲೇಟಿನ ನಡು ಬಗ್ಗುತ್ತೆ, ಅದರ ಮೇಲೆ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಇಟ್ಟರೆ ಮುಗೀತು, ಕೆಳಗೆ ಇನ್ನೊಂದು ಪ್ಲೇಟು ಕೊಡಬೇಕು. ಮುತ್ತುಗದ ಎಲೆಯ ಪತ್ರಾವಳಿ ಸಿಕ್ಕರೆ ಅದನ್ನೇ ತನ್ನಿ. ಉಂಡ ಮೇಲೆ ತಿಪ್ಪೆಗೆ ಹಾಕಿದರೆ ಗೊಬ್ಬರ. ಆದರೆ ಎಲೆಯ ಕೆಳಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದು ಬೇಡ, ಕೊಳ್ಳುವಾಗ ತಿರುಗಿಸಿ ನೋಡಿ. ಅಂಬಲಿ ಕುಡಿಯೋ ಪೇಪರ್ ಕಪ್ಪಿನ ಒಳಗೂ ತೆಳ್ಳಗೆ ಪ್ಲಾಸ್ಟಿಕ್ ಬಳಿದಿರುತ್ತಾರೆ, ಅದಕ್ಕೇ ಅದು ನೆನೆಯಲ್ಲ, ಅದಕ್ಕೇ ಕರಗೋದೂ ಇಲ್ಲ. ಪ್ಲಾಸ್ಟಿಕ್ ತಟ್ಟೆ–ಲೋಟಗಳಿಗೆ ನಮ್ಮ ರಾಜ್ಯದಲ್ಲಿ 2016ರಿಂದಲೇ ನಿಷೇಧ ಇದೆ, ದೇಶಕ್ಕೆಲ್ಲಾ 2022ರ ಜುಲೈ 1ರಿಂದ. ಆದರೂ ಸಂತೆಯಲ್ಲಿ ಸಿಗುತ್ತವೆ ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು.

ನಮ್ಮ ಕಡೆ ಇದು ಯಾಕೆ ಜಾಸ್ತಿ ತೊಂದರೆ ಅಂದರೆ, ನಮ್ಮದು ಎರೆ ಮಣ್ಣು. ಬೇಸಿಗೆಯಲ್ಲಿ ಅದು ಕೈ ಇಳಿಯುವಷ್ಟು ಬಿರಿಯುತ್ತೆ. ಡಿಸೆಂಬರಿನಲ್ಲಿ ಬಿಸಾಕಿದ ಕವರು, ಗುಟ್ಕಾ ಚೀಟಿ, ಲೋಟದ ಚೂರು ಎಲ್ಲಾ ಏಪ್ರಿಲ್–ಮೇ ಹೊತ್ತಿಗೆ ಆ ಬಿರುಕಿನೊಳಗೆ ಇಳಿದಿರುತ್ತವೆ. ಮಳೆ ಬಿದ್ದು ಬಿರುಕು ಮುಚ್ಚಿಕೊಂಡ ಮೇಲೆ ಕಣ್ಣಿಗೆ ಕಾಣಲ್ಲ, ಮುಂದೆ ಯಾವಾಗಲೋ ಕುಂಟೆಗೆ ಸಿಕ್ಕಿ ಚೂರು ಚೂರಾಗಿ ಮೇಲೆ ಬರುತ್ತವೆ. ಎಂಜಲು ಅಂಟಿದ ಕವರನ್ನು ದನ ತಿನ್ನೋದು ಬೇರೆ. ಒಟ್ಟುಗೂಡಿಸಿ ಅಲ್ಲೇ ಸುಡೋಣ ಅಂತ ಕೆಲವರು ಹೊರಡುತ್ತಾರೆ, ದಯವಿಟ್ಟು ಸುಡೋದಕ್ಕೆ ಬಿಡಬೇಡಿ. ಹೊಗೆಯ ಮಾತು ಆಮೇಲೆ, ಪಕ್ಕದಲ್ಲೇ ಒಣಗಿ ನಿಂತ ತೊಗರಿ ಇರುತ್ತೆ, ಒಂದು ಕಿಡಿ ಸಾಕು. ಎರಡು ಗೋಣಿ ಚೀಲ ಗಿಡಕ್ಕೆ ಕಟ್ಟಿ. ಏನೇ ಬಂದರೂ ಅದರೊಳಗೆ, ಸಂಜೆ ಕಲಬುರಗಿಗೆ ಹೋಗೋ ಗಾಡಿಯಲ್ಲೇ ಆ ಚೀಲ ವಾಪಸ್. ಚರಗ (ನೈವೇದ್ಯದ ಅಡುಗೆ) ಚೆಲ್ಲಿ ಭೂತಾಯಿಗೆ ಉಣಿಸಿದ ದಿನ ಇಷ್ಟು ಕೇಳೋದರಲ್ಲಿ ಸಂಕೋಚ ಯಾಕೆ?

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳ್ತೀನಿ. ನಲವತ್ತು ಜನಕ್ಕೆ ಮಾಡೋ ಊಟ ನಲವತ್ತೈದಕ್ಕೂ ಆಗುತ್ತೆ. ಪಟ್ಟಣದ ಹಾಸ್ಟೆಲ್‌ನಲ್ಲಿ ಓದುವ ಹುಡುಗರು, ನಿಮ್ಮ ಪರಿಚಯದವರ ಮನೆಯ ಕಾವಲುಗಾರ, ಎಲ್ಲಿಂದಲೋ ಬಂದು ಕಟ್ಟಡ ಕಟ್ಟುತ್ತಿರುವ ಕುಟುಂಬ, ಇವರಿಗೆಲ್ಲ ಹೊಲ ಇಲ್ಲ ಅಥವಾ ಹೊಲ ದೂರ ಇದೆ. ಬರುವವರಿಗೆ "ಒಬ್ಬರನ್ನಾದರೂ ಕರ್ಕೊಂಡು ಬರ್ರಿ" ಅನ್ನಿ. ಸೀತನಿ (ಎಳೆ ಜೋಳದ ತೆನೆ) ಸುಟ್ಟು ಬಿಸಿ ಬಿಸಿ ಕೈಗೆ ಹಾಕಿದರೆ ಆ ಹುಡುಗರ ಮುಖ ನೋಡಬೇಕು ನೀವು.

ನಮಸ್ಕಾರ. ನಾವು ಆಫೀಸಿನವರು ಸೇರಿ ಹೊಸ ವರ್ಷದ ಪಾರ್ಟಿ ಬಿಟ್ಟು ಆ ದುಡ್ಡಿನಲ್ಲಿ ಬಡವರಿಗೆ ಕಂಬಳಿ ಹಂಚಬೇಕು ಅಂತ ಇದ್ದೇವೆ. ಮನೆಯ ಹಳೇ ಬಟ್ಟೆಯನ್ನೂ ಕೊಡೋಣ ಅಂತ. ಎಲ್ಲಿ ಕೊಡೋದು?
— ಬ್ಯಾಂಕ್ ಉದ್ಯೋಗಿ, ಬೀದರ್

ಬಹಳ ಒಳ್ಳೆ ವಿಚಾರ ತಮ್ಮಾ. ಆದರೆ ಕೊಡೋ ಮೊದಲು ಹೋಗಿ ಕೇಳಿ. ಬಸ್ ಸ್ಟ್ಯಾಂಡ್ ಸುತ್ತ ಮಲಗುವವರಿಗೆ ಒಂದೇ ವಾರದಲ್ಲಿ ಮೂರು ಸಂಘದವರು ಕಂಬಳಿ ಕೊಡುತ್ತಾರೆ, ಊರ ಹೊರಗಿನವರಿಗೆ ಒಂದೂ ಮುಟ್ಟಲ್ಲ. ಈಗ ಕಬ್ಬಿನ ಹಂಗಾಮು. ಮಹಾರಾಷ್ಟ್ರದಿಂದ, ನಮ್ಮದೇ ತಾಂಡಾಗಳಿಂದ ಬಂದ ಕಬ್ಬು ಕಡಿಯುವವರು ಕಾರ್ಖಾನೆ ಹತ್ತಿರ, ಹೊಲದ ಅಂಚಿನಲ್ಲಿ ಗುಡಿಸಲು ಹಾಕಿಕೊಂಡಿರುತ್ತಾರೆ, ಮಕ್ಕಳು ಮರಿ ಸಮೇತ. ಬೀದರ್ ಚಳಿ ಹೇಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಾ? ಒಂದು ಸಂಜೆ ಹೋಗಿ ಅಲ್ಲಿನ ಹೆಣ್ಣುಮಕ್ಕಳ ಹತ್ತಿರ ಕೂತು ಮಾತಾಡಿ. ಕಂಬಳಿ ಬೇಡ, ತಾಡಪತ್ರಿ (ಟಾರ್ಪಾಲಿನ್) ಬೇಕು ಅನ್ನಬಹುದು. ಮಕ್ಕಳಿಗೆ ಚಪ್ಪಲಿ, ರಾತ್ರಿಗೆ ಒಂದು ಸೋಲಾರ್ ದೀಪ ಅನ್ನಬಹುದು. ಅವರು ಹೇಳಿದ್ದನ್ನೇ ಕೊಡಿ. ಶಾಲೆ ಬಿಟ್ಟು ಬಂದ ಮಕ್ಕಳು ಕಂಡರೆ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ತಿಳಿಸಿ, 6ರಿಂದ 14 ವರ್ಷದ ಮಕ್ಕಳಿಗೆ ಎಲ್ಲಿದ್ದರೂ ಓದೋ ಹಕ್ಕಿದೆ. ಮಗು ತೊಂದರೆಯಲ್ಲಿದೆ ಅನ್ನಿಸಿದರೆ 1098ಕ್ಕೆ ಫೋನ್ ಮಾಡಿ.

ಕಂಬಳಿಯೇ ಅಂತಾದರೆ ಅಗ್ಗದ ಸಿಂಥೆಟಿಕ್ ಬೇಡ. ಮೂರು ಕಲ್ಲಿನ ಒಲೆ ಪಕ್ಕದಲ್ಲೇ ಮಲಗುವವರಿಗೆ ಅದು ಅಪಾಯ, ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತೆ. ಅದರ ಬದಲು ಕೌದಿ ಹೊಲಿಸಿ. ನಿಮ್ಮ ಆಫೀಸಿನವರ ಮನೆಗಳಲ್ಲಿ ಉಟ್ಟು ಮೆತ್ತಗಾದ ಕಾಟನ್ ಸೀರೆಗಳು ಎಷ್ಟಿಲ್ಲ? ಒಂದರ ಮೇಲೊಂದು ಹಾಸಿ, ಅಂಚಿನಿಂದ ನಡುವಿನವರೆಗೆ ಸಾಲು ಸಾಲು ಕೈಹೊಲಿಗೆ ಹಾಕುವ ಅಜ್ಜಿಯರು, ಅಕ್ಕಂದಿರು ಇನ್ನೂ ಎಷ್ಟೋ ಹಳ್ಳಿಗಳಲ್ಲಿದ್ದಾರೆ. ಅವರಿಗೆ ಕೂಲಿ ಸರಿಯಾಗಿ ಕೊಡಿ, ಚೌಕಾಸಿ ಮಾಡಬೇಡಿ. ಹಳೇ ಸೀರೆ ಕಸಕ್ಕೆ ಹೋಗಲ್ಲ, ಹೊಲಿದವರಿಗೆ ದುಡಿಮೆ, ಹೊದ್ದವರಿಗೆ ಬೆಚ್ಚಗೆ. ನನ್ನನ್ನು ಕೇಳಿದರೆ ಈ ಭಾಗದಲ್ಲಿ ಇದಕ್ಕಿಂತ ಒಳ್ಳೆ ಹೊಸ ವರ್ಷದ ದಾನ ಇಲ್ಲ. ಕೈಹೊಲಿಗೆಗೆ ದಿನ ಹಿಡಿಯುತ್ತೆ, ಅದಕ್ಕೇ ಈಗಲೇ ಶುರು ಮಾಡಿ.

ಹಳೇ ಬಟ್ಟೆ ಕೊಡುವಾಗ ಒಂದೇ ಲೆಕ್ಕ: ನಿಮ್ಮ ಮಗುವಿಗೆ ನೀವು ಹಾಕ್ತೀರಾ? ಹಾಕಲ್ಲ ಅಂದರೆ ಕೊಡಬೇಡಿ. ಗುಂಡಿ ಹೋದ ಅಂಗಿ, ಜಿಪ್ ಕೆಟ್ಟ ಪ್ಯಾಂಟು ಕೊಟ್ಟರೆ ನಿಮ್ಮ ಮನೆಯ ಕಸ ಅವರ ಗುಡಿಸಲ ಮುಂದೆ ಬೀಳುತ್ತೆ, ಅಷ್ಟೇ. ಮತ್ತೆ, ಕೊಡುವಾಗ ಫೋಟೋ ಬೇಡ. ಕೌದಿಯ ಫೋಟೋ ತೆಗೀರಿ, ಇಸ್ಕೊಂಡವರ ಮುಖದ್ದು ಬೇಡ.

ಸಂಸ್ಥೆಯ ಮೂಲಕ ಕೊಡೋದಾದರೆ ರಸೀದಿ ಕೇಳಿ ತಗೊಳ್ಳಿ. ತೆರಿಗೆ ವಿನಾಯಿತಿ ಬೇಕಿದ್ದವರು 2,000 ರೂಪಾಯಿಗಿಂತ ಜಾಸ್ತಿ ನಗದು ಕೊಡಬೇಡಿ, ಅದಕ್ಕೆ ವಿನಾಯಿತಿ ಇಲ್ಲ. ಚೆಕ್ಕು ಅಥವಾ ಆನ್‌ಲೈನ್‌ನಲ್ಲಿ ಕಳಿಸಿ. ಬ್ಯಾಂಕಿನವರು, ನಿಮಗೆ ಗೊತ್ತೇ ಇರುತ್ತೆ.

ಮಗ ಹೊಸ ವರ್ಷಕ್ಕೆ ಪಟಾಕಿ ಬೇಕೇ ಬೇಕು ಅಂತ ಹಟ ಹಿಡಿದಿದ್ದಾನೆ. ಹಸಿರು ಪಟಾಕಿ ಆದರೆ ಪರವಾಗಿಲ್ಲವಾ?
— ಒಬ್ಬ ತಂದೆ, ಕಲಬುರಗಿ

ಪರವಾಗಿಲ್ಲ ಅಂತ ಹೇಳಲಾರೆ. ಹಸಿರು ಪಟಾಕಿಯಲ್ಲೂ ಹೊಗೆ ಇದೆ, ಮಾಮೂಲಿಗಿಂತ ಸುಮಾರು ಶೇ 30ರಷ್ಟು ಕಡಿಮೆ. 2018ರಲ್ಲಿ ಸುಪ್ರೀಂ ಕೋರ್ಟ್ ಕ್ರಿಸ್‌ಮಸ್, ಹೊಸ ವರ್ಷದ ರಾತ್ರಿಗೆ 11:55ರಿಂದ 12:30ರವರೆಗೆ ಅಂತ ಹೊತ್ತು ನಿಗದಿ ಮಾಡಿದೆ. ತರಲೇಬೇಕಾದರೆ ಡಬ್ಬಿಯ ಮೇಲೆ ನೀರಿ (NEERI, ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ಗುರುತು ನೋಡಿ ಸ್ವಲ್ಪವೇ ತನ್ನಿ, ಆ ಹೊತ್ತಿನಲ್ಲೇ ಮುಗಿಸಿ. ಬೀದಿಯ ನಾಯಿ, ಪಕ್ಕದ ಮನೆಯ ಹಸುಗೂಸು, ದಮ್ಮಿನ ಅಜ್ಜನ ಬಗ್ಗೆ ಮಗನಿಗೆ ನೀವೇ ಕೂರಿಸಿಕೊಂಡು ಹೇಳಿ. ಮಕ್ಕಳಿಗೆ ಅರ್ಥ ಆಗುತ್ತೆ. ಸಂಕ್ರಾಂತಿಗೆ ಗಾಳಿಪಟ ಕೊಡಿಸಿ, ನೂಲಿನ ದಾರದ್ದು. ನೈಲಾನ್ ಮಾಂಜಾ ಹಕ್ಕಿಯ ರೆಕ್ಕೆ, ಬೈಕಿನವರ ಕುತ್ತಿಗೆ ಎರಡನ್ನೂ ಕುಯ್ಯುತ್ತೆ, ಅದಕ್ಕೆ ನಿಷೇಧವೂ ಇದೆ.

ಕ್ರಿಸ್‌ಮಸ್‌ಗೆ ಈ ಸಲ ಹೊಸ ಪ್ಲಾಸ್ಟಿಕ್ ಮರ ತರೋದಾ, ಸರ್ವೆ ಗಿಡದ ಕೊಂಬೆ ಕಡಿಯೋದಾ? ನಕ್ಷತ್ರದ ದೀಪ ತಿಂಗಳು ಪೂರ್ತಿ ಉರಿಯುತ್ತೆ, ಕರೆಂಟ್ ಬಿಲ್ಲೂ ಜಾಸ್ತಿ.
— ಗೃಹಿಣಿ, ಬೀದರ್

ಮನೆಯಲ್ಲಿ ಹಳೇ ಪ್ಲಾಸ್ಟಿಕ್ ಮರ ಇದ್ದರೆ ಅದನ್ನೇ ಒರೆಸಿ ನಿಲ್ಲಿಸಿ. ಕೊಂಡಾಗಿದೆ, ಇನ್ನೂ ಎಷ್ಟು ವರ್ಷ ಬಳಸ್ತೀರೋ ಅಷ್ಟು ಒಳ್ಳೆಯದು. ಇಲ್ಲದಿದ್ದರೆ ಹೊಸದು ತರಬೇಡಿ, ಕುಂಡದಲ್ಲಿರುವ ಯಾವುದಾದರೂ ಗಿಡಕ್ಕೆ ಸಿಂಗಾರ ಮಾಡಿ. ನರ್ಸರಿಯವರು ಕ್ರಿಸ್‌ಮಸ್ ಗಿಡ ಅಂತ ಮಾರೋದು ನಮ್ಮ ಬೇಸಿಗೆ ತಾಳೋದು ಕಷ್ಟ, ತಂದರೆ ನೆರಳಲ್ಲಿಡಿ. ನಕ್ಷತ್ರಕ್ಕೆ ಬಿದಿರಿನ ಕಡ್ಡಿ, ಬಣ್ಣದ ಕಾಗದ, ಗೋಂದು ಸಾಕು, ಮಕ್ಕಳೇ ಮಾಡುತ್ತಾರೆ. ಒಳಗೆ 60 ವ್ಯಾಟ್‌ನ ಹಳೇ ಬಲ್ಬು ದಿನಕ್ಕೆ 6 ಗಂಟೆ ಉರಿದರೆ ತಿಂಗಳಿಗೆ ಹತ್ತಿರ ಹತ್ತಿರ 11 ಯೂನಿಟ್, 9 ವ್ಯಾಟ್‌ನ ಎಲ್‌ಇಡಿ ಆದರೆ ಎರಡು ಯೂನಿಟ್ಟೂ ಆಗಲ್ಲ. ಕಾಗದಕ್ಕೂ ಅದೇ ಕ್ಷೇಮ, ಬಿಸಿ ಕಡಿಮೆ. ನೆರೆಮನೆಗೆ ಕರ್ಜಿಕಾಯಿ, ಚಕ್ಕುಲಿ ಕೊಡುವಾಗ ಕವರಿಗೆ ಹಾಕದೆ ಸ್ಟೀಲ್ ಡಬ್ಬಿಯಲ್ಲಿ ಕೊಡಿ. ಡಬ್ಬಿ ಹೇಗೂ ಖಾಲಿ ವಾಪಸ್ ಬರಲ್ಲ ನಮ್ಮ ಕಡೆ.

ನಾನು ಡಿಗ್ರಿ ಓದ್ತಿದ್ದೀನಿ. ಕೈಯಲ್ಲಿ ದುಡ್ಡಿಲ್ಲ. ಹಬ್ಬಕ್ಕೆ ನಾನೇನು ಕೊಡಲಿ?
— ವಿದ್ಯಾರ್ಥಿ, ಯಾದಗಿರಿ

ರಕ್ತ ಕೊಡಿ. 18 ವರ್ಷ ತುಂಬಿ, ತೂಕ 45 ಕಿಲೋ ಮೇಲಿದ್ದು, ಆರೋಗ್ಯವಾಗಿದ್ದರೆ ಕೊಡಬಹುದು. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ. ಹಬ್ಬ, ರಜೆ ಅಂತ ಎಲ್ಲರೂ ಊರಿಗೆ ಹೋದಾಗ ಕೊಡುವವರು ಕಡಿಮೆಯಾಗುತ್ತಾರೆ, ಆದರೆ ಹೆರಿಗೆ, ಅಪಘಾತ ನಿಲ್ಲಲ್ಲ. ಥಲಸ್ಸೀಮಿಯಾ ಅನ್ನೋ ರಕ್ತದ ಕಾಯಿಲೆ ಇರುವ ಮಕ್ಕಳಿಗಂತೂ ಎರಡು–ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕೇ ಬೇಕು. ಗೆಳೆಯರನ್ನೂ ಕರ್ಕೊಂಡು ಹೋಗಿ, ಆದರೆ ಎಲ್ಲರೂ ಒಂದೇ ದಿನ ಹೋಗದೆ ವಾರಕ್ಕೆ ಇಬ್ಬರಂತೆ ಹೋದರೆ ಚೆನ್ನ, ಯಾಕಂದರೆ ಕೆಂಪು ರಕ್ತಕಣವನ್ನು ಆರು ವಾರದ ಮೇಲೆ ಇಡೋಕಾಗಲ್ಲ. ಖಾಲಿ ಹೊಟ್ಟೆಯಲ್ಲಿ ಮಾತ್ರ ಹೋಗಬೇಡಿ. ರೊಟ್ಟಿ ತಿಂದು, ನೀರು ಕುಡಿದು ಹೋಗಿ.