ತಪ್ಪುಗಳು ಹೆಚ್ಚುತ್ತಿವೆ, ನಾನು ಸೋಮಾರಿಯಾದೆನೇ?

ಪ್ರಶ್ನೆ: ನನಗೆ 38 ವರ್ಷ. ಬೆಂಗಳೂರಿನ ಹೊರವರ್ತುಲ ರಸ್ತೆಯ ಖಾಸಗಿ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿ 11 ವರ್ಷಗಳಿಂದ ಇದ್ದೇನೆ. ಕಳೆದ ವರ್ಷ ಸಹೋದ್ಯೋಗಿಯೊಬ್ಬರು ಬಿಟ್ಟುಹೋದ ಮೇಲೆ ಅವರ ಕೆಲಸವೂ ನನ್ನದಾಯಿತು. ಈಚೆಗೆ ಒಂದೇ ಬಿಲ್ಲನ್ನು ಎರಡು ಸಲ ಎಂಟ್ರಿ ಮಾಡಿದ್ದೇನೆ, ಮೇಲ್ ಓದಿದರೂ ತಲೆಗೆ ಹತ್ತುವುದಿಲ್ಲ. ರಾತ್ರಿ ಒಂಬತ್ತರವರೆಗೆ ಕೂತರೂ ರೇಟಿಂಗ್ ಇಳಿಯಿತು. ನಾನು ಸೋಮಾರಿಯಾಗಿದ್ದೇನೆಯೇ? ಮನೆ ಸಾಲವಿದೆ, ಆದರೂ ರಾಜೀನಾಮೆ ಕೊಡಬೇಕೆನಿಸುತ್ತದೆ.
– ಹೆಸರು ಬೇಡ, ವಿಜಯನಗರ

ಉತ್ತರ: ರಾತ್ರಿ ಒಂಬತ್ತರವರೆಗೆ ಕೂತು ಲೆಕ್ಕ ತಾಳೆ ನೋಡುವವರನ್ನು ಸೋಮಾರಿ ಎನ್ನಲಾಗದು. ನೀವು ವಿವರಿಸಿರುವುದು ಬರ್ನ್‌ಔಟ್‌ಗೆ ಬಹಳ ಹತ್ತಿರವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕಾರವಾದ ತನ್ನ ರೋಗ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಇದನ್ನು ಕಾಯಿಲೆಯೆಂದಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ಗುರುತಿಸಿದೆ. ಬಹುಕಾಲ ಹತೋಟಿಗೆ ಬಾರದೆ ಉಳಿದ ಕೆಲಸದ ಒತ್ತಡದಿಂದ ಶಕ್ತಿ ಬತ್ತುವುದು, ಕೆಲಸದ ಬಗ್ಗೆ ಮನಸ್ಸು ಕಹಿಯಾಗಿ ದೂರ ಸರಿಯುವುದು, ಸಾಮರ್ಥ್ಯ ಕುಗ್ಗುವುದು ಎಂಬ ಮೂರು ಮುಖಗಳನ್ನು ಅದು ಹೇಳುತ್ತದೆ. ಅಂದರೆ ನಿಮ್ಮ ರೇಟಿಂಗ್ ಇಳಿದದ್ದು ಈ ದಣಿವಿನದೇ ಒಂದು ಭಾಗ.

ದಣಿದಾಗ ಮೊದಲು ಸಡಿಲವಾಗುವುದು ಗಮನ. ಬಿಲ್ ನಂಬರ್ ಕಣ್ಣಿಗೆ ಬೀಳುತ್ತದೆ, ಆದರೆ ‘ಇದನ್ನು ಬೆಳಿಗ್ಗೆಯೇ ನೋಡಿದ್ದೆನಲ್ಲ’ ಎಂಬ ಎಚ್ಚರ ಹುಟ್ಟುವುದಿಲ್ಲ. ಆ ತಪ್ಪು ಮುಚ್ಚಲು ನೀವು ಇನ್ನೆರಡು ಗಂಟೆ ಕೂರುತ್ತೀರಿ, ನಿದ್ದೆ ಕಡಿಮೆಯಾಗುತ್ತದೆ, ಮರುದಿನ ಮತ್ತೊಂದು ತಪ್ಪಾಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಕೊನೆಗೆ ಲೈಟು ಆರಿಸಿ ಹೋಗುವವರೇ ಶ್ರಮಜೀವಿಗಳು ಎಂದು ನಂಬುವ ನಮ್ಮ ಆಫೀಸುಗಳಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ ಬಿಡಿ.

ನೀವು ಒಂದೇ ಸಾಲಿನಲ್ಲಿ ಹೇಳಿ ದಾಟಿಹೋದ ಸಂಗತಿಯೇ ನನಗೆ ಮುಖ್ಯವಾಗಿ ಕಂಡಿತು: ಇಬ್ಬರ ಕೆಲಸ ಒಬ್ಬರ ಮೇಜಿನ ಮೇಲಿದೆ. ನಾಲ್ಕು ದಿನ ರಜೆ ಹಾಕಿದರೆ ಹಿತವೆನಿಸೀತು, ಆದರೆ ಮರಳಿದಾಗ ಅದೇ ಮೇಜು ಕಾದಿರುತ್ತದೆ. ಎರಡು ವಾರ ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಆಯಾ ದಿನದ ಕೆಲಸ, ಅದರಲ್ಲಿ ಮೊದಲು ಬಿಟ್ಟುಹೋದ ಸಹೋದ್ಯೋಗಿಯದಾಗಿದ್ದದ್ದು ಎಷ್ಟು, ತಪ್ಪಾದದ್ದು ಎಷ್ಟು ಗಂಟೆಗೆ ಎಂಬುದನ್ನು ಬರೆದಿಡಿ. ಅದನ್ನು ಮ್ಯಾನೇಜರ್ ಮುಂದಿಟ್ಟು, ‘ಸುಸ್ತಾಗಿದೆ’ ಎನ್ನುವ ಬದಲು ‘ಈ ಮೂರು ಕೆಲಸಗಳಲ್ಲಿ ಯಾವುದನ್ನು ಬೇರೆಯವರಿಗೆ ಕೊಡಬಹುದು?’ ಎಂದು ಕೇಳಿ.

ಜೊತೆಗೆ ವೈದ್ಯರಿಗೂ ತೋರಿಸಿ. ಥೈರಾಯ್ಡ್ ತೊಂದರೆ, ರಕ್ತಹೀನತೆ, ಬಿ12 ಕೊರತೆಯೂ ಇಂಥದೇ ಮಂಕು ತರುತ್ತವೆ. ಮನೆಯಲ್ಲೂ ಯಾವುದರಲ್ಲೂ ಆಸಕ್ತಿ ಉಳಿದಿಲ್ಲವೆಂದಾದರೆ ಅದು ಖಿನ್ನತೆಯಿರಬಹುದು. ಆಗ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ರಾಜೀನಾಮೆಯ ಪತ್ರ ಸದ್ಯಕ್ಕೆ ಬೇಡ. ಕೆಲಸ ಹಂಚಲು ಮ್ಯಾನೇಜರ್ ಒಪ್ಪದಿದ್ದರೆ, ಈ ನೌಕರಿ ಕೈಯಲ್ಲಿರುವಾಗಲೇ ಬೇರೆಡೆ ಹುಡುಕಿ. ತಿಂಗಳ ಲೆಕ್ಕ ಮುಗಿಸುವ ವಾರದಲ್ಲಿ ಮಾತ್ರ ಕೆಲಸ ಹಂಚುವ ಮಾತು ಎತ್ತಬೇಡಿ. ಆ ವಾರ ನಿಮ್ಮ ಮ್ಯಾನೇಜರೂ ನಿಮ್ಮಂತೆಯೇ ಇರುತ್ತಾರೆ.