ಗ್ಯಾರೇಜ್ ಕಾಕಾನ ಕೇಳಿ: ಎಣ್ಣೆ ಬದಲಿಸಿದ ಮೇಲೆ ಗಾಡಿ ಎಳೀತಿಲ್ಲ

ಪ್ರಶ್ನೆ: ಕಾಕಾ, ನಮಸ್ಕಾರ ರೀ. ಬೆಳಗಾವಿಯಲ್ಲಿ ನನ್ನದು ಟೋಯಿಂಗ್ ಕೆಲಸ. ಆರು ಗೇರಿನ ಆಟೋಮ್ಯಾಟಿಕ್ ಡೀಸೆಲ್ ಪಿಕಪ್ ಇದೆ. ಹಿಂದೆ ಟ್ರಾಲಿ ಕಟ್ಟಿ, ಚೋರ್ಲಾ ಘಾಟಿನಲ್ಲಿ ಕೆಟ್ಟು ನಿಂತ ಕಾರುಗಳನ್ನು ಹೇರಿಕೊಂಡು ಬರುತ್ತೇನೆ. 1 ಲಕ್ಷ 40 ಸಾವಿರ ಕಿ.ಮೀ. ಓಡಿದೆ, ಗೇರ್ ಆಯಿಲ್ ಒಮ್ಮೆಯೂ ಬದಲಿಸಿರಲಿಲ್ಲ. ಹೋದ ತಿಂಗಳು ಒಂದು ಗ್ಯಾರೇಜಿನಲ್ಲಿ ಮಷೀನ್ ಹಚ್ಚಿ ಫ್ಲಶ್ ಮಾಡಿಸಿದೆ. ನಾಲ್ಕೇ ದಿನಕ್ಕೆ ತೊಂದರೆ ಶುರು. ‘ಡಿ’ಗೆ ಹಾಕಿದರೆ ಎರಡು ಸೆಕೆಂಡ್ ಸುಮ್ನೆ ನಿಂತು, ಆಮೇಲೆ ಧಡ್ ಅಂತ ಹಿಡಿಯುತ್ತದೆ. ಗೋವಾ ಕಡೆಯಿಂದ ಲೋಡ್ ತಗೊಂಡು ಏರು ಹತ್ತುವಾಗ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗಲ್ಲ. ಖಾಲಿ ಗಾಡಿ 60ರ ಹತ್ತಿರ ಗಡಗಡ ನಡುಗುತ್ತದೆ. ಗ್ಯಾರೇಜಿನವರು ಗೇರ್ ಬಾಕ್ಸ್ ಇಳಿಸಬೇಕು ಅಂತಾರೆ. ಇನ್ನೊಬ್ಬ ಮೇಸ್ತ್ರಿ ಹಳೇ ಎಣ್ಣೆಯನ್ನೇ ತಿರುಗಿ ಹಾಕು ಅಂತಾನೆ. ಯಾರ ಮಾತು ಕೇಳಲಿ?
(ಹೆಸರು ಬೇಡ ಎಂದಿದ್ದಾರೆ, ಬೆಳಗಾವಿ)

ಉತ್ತರ: ತಮ್ಮಾ, ಸದ್ಯಕ್ಕೆ ಇಬ್ಬರ ಮಾತೂ ಬೇಡ. ಮೊದಲು ಟ್ರಾಲಿ ಬಿಚ್ಚು. ಎಂಜಿನ್ ಕೂಗಿ ಗಾಡಿ ಹೋಗದಿದ್ದಾಗೆಲ್ಲ ಒಳಗೆ ಗೇರ್ ಹಿಡಿಯುವ ಕ್ಲಚ್ ಪ್ಲೇಟ್ ಸವೆಯುತ್ತಿರುತ್ತದೆ. ಈಗ ಎಣ್ಣೆಯಿಂದ ಸರಿಹೋಗಬಹುದಾದ ಕೆಲಸ, ಇನ್ನು ಎರಡು ಸಲ ಘಾಟ್ ಹತ್ತಿದರೆ ಪ್ಲೇಟಿಗೆ ಬರುತ್ತದೆ.

ಆಮೇಲೆ ಎಣ್ಣೆ ಎಷ್ಟಿದೆ ನೋಡಿಸು. ಇಷ್ಟು ಸಣ್ಣ ವಿಷಯವಾ ಅಂತ ನಗಬೇಡ, ಈ ಸಣ್ಣ ವಿಷಯದಲ್ಲೇ ನಾನು ಒಮ್ಮೆ ಮಾನ ಕಳಕೊಂಡಿದ್ದೇನೆ. ಆಟೋಮ್ಯಾಟಿಕ್ ನನಗೆ ಹೊಸದಾಗಿದ್ದ ಕಾಲ. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರ ಗಾಡಿಗೆ ಎಣ್ಣೆ ಬದಲಿಸಿದೆ. ಅದರಲ್ಲಿ ಗೇಜ್ ಕಡ್ಡಿ ಇಲ್ಲ. ಕೆಳಗಿನ ಬೋಲ್ಟ್ ತೆಗೆದು, ಎಣ್ಣೆ ಹೊರಬಂದರೆ ತುಂಬಿದೆ ಅಂತ ಲೆಕ್ಕ. ನಾನು ಎಂಜಿನ್ ಬಂದ್ ಮಾಡಿ ಬೋಲ್ಟ್ ತೆಗೆದೆ. ಎಣ್ಣೆ ಬಂತು. ಖುಷಿಯಿಂದ ಮುಚ್ಚಿ ಕಳಿಸಿದೆ. ಮಾರನೇ ದಿನ ಗಾಡಿ ವಾಪಸ್. ಥೇಟ್ ನಿನ್ನ ಗಾಡಿಯ ಹಾಗೇ, ಎರಡು ಸೆಕೆಂಡ್ ನಿಂತು ಧಡ್.

ತಪ್ಪು ಏನು ಗೊತ್ತಾ? ಎಂಜಿನ್ ಬಂದ್ ಇದ್ದಾಗ ಪಂಪ್ ತಿರುಗಲ್ಲ, ಎಣ್ಣೆ ಬಹಳಷ್ಟು ಕೆಳಗಿನ ಚೇಂಬರಿನಲ್ಲೇ (ಗೇರ್ ಬಾಕ್ಸಿನ ತಳದ ಎಣ್ಣೆ ತಟ್ಟೆಯಲ್ಲೇ) ಇರುತ್ತದೆ, ಅದಕ್ಕೇ ಬೋಲ್ಟಿನಿಂದ ಸುರಿಯುತ್ತದೆ. ಎಂಜಿನ್ ಚಾಲೂ ಆದ ಕೂಡಲೇ ಪಂಪ್ ಅದನ್ನೆಲ್ಲ ಎಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್ ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿಗೂ, ಎಣ್ಣೆ ತಣಿಸುವ ಕೂಲರ್ ಪೈಪಿಗೂ ಎಳೆದುಕೊಳ್ಳುತ್ತದೆ. ಚೇಂಬರ್ ಬರಿದಾಗುತ್ತದೆ, ಪಂಪ್ ಗಾಳಿ ಹೀರುತ್ತದೆ, ಎಣ್ಣೆ ನೊರೆಯಾಗುತ್ತದೆ. ನೊರೆಗೆ ಪ್ಲೇಟ್ ಒತ್ತುವ ಶಕ್ತಿ ಇಲ್ಲ. ಏರಿನಲ್ಲಿ ಎಣ್ಣೆ ಹಿಂದಕ್ಕೆ ಸರಿಯುವುದರಿಂದ ಅಲ್ಲೇ ಜಾಸ್ತಿ ಜಾರುತ್ತದೆ. ಆ ಗಾಡಿಗೆ ಇನ್ನೂ ಒಂದೂವರೆ ಲೀಟರ್ ಹಿಡಿಯಿತು! ಬೆಳೆಗಾರರು ಏನೂ ಅನ್ನಲಿಲ್ಲ, ಒಂದು ಪೊಟ್ಟಣ ಒಣದ್ರಾಕ್ಷಿ ಕೊಟ್ಟು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಸರಿಯಾದ ಕ್ರಮ ಹೀಗೆ. ಗಾಡಿ ಸಮ ನೆಲದ ಮೇಲಿರಬೇಕು, ಎಂಜಿನ್ ಚಾಲೂ ಇರಬೇಕು. ಬ್ರೇಕ್ ಒತ್ತಿ ಎಲ್ಲ ಗೇರಿಗೂ ಒಮ್ಮೆ ಹಾಕಿ ‘ಪಿ’ಗೆ ತರಬೇಕು. ಎಣ್ಣೆಯ ಬಿಸಿ ಗಾಡಿಯ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರಿನಲ್ಲಿ ಕಾಣುತ್ತದೆ, ಬಹಳ ಗಾಡಿಗಳಿಗೆ ಅದು 35ರಿಂದ 45 ಡಿಗ್ರಿ ಒಳಗಿರುವಾಗ ಬೋಲ್ಟ್ ತೆಗೆಯಬೇಕು. ನಿನ್ನ ಗಾಡಿಗೆ ಎಷ್ಟು ಎಂಬುದನ್ನು ಕಂಪನಿಯ ಪುಸ್ತಕದಲ್ಲಿ ನೋಡಿಕೊಳ್ಳಲಿ. ಸಣ್ಣ ಧಾರೆ ನಿಂತು ತೊಟ್ಟಿಕ್ಕತೊಡಗಿದಾಗ ಮುಚ್ಚಬೇಕು. ಜಾಸ್ತಿ ಬಿಸಿಯಿದ್ದಾಗ ತೆಗೆದರೆ ಉಬ್ಬಿದ ಎಣ್ಣೆ ಸುರಿದು ಹೋಗಿ ಮತ್ತೆ ಕಡಿಮೆಯೇ ಆಗುತ್ತದೆ. ಬೆಳಗಾವಿಯ ತಂಪಿನಲ್ಲಿ ಇದು ಕಷ್ಟವಲ್ಲ. ಮೇ ತಿಂಗಳ ವಿಜಯಪುರದಲ್ಲಿ ಬಿಸಿಲಿಗೆ ನಿಂತ ಗಾಡಿಯ ಎಣ್ಣೆ ಮೊದಲೇ 40 ಮುಟ್ಟಿರುತ್ತದೆ, ಅಲ್ಲಿಯವರು ಬೆಳಿಗ್ಗೆಯೇ ಈ ಕೆಲಸ ಮುಗಿಸಬೇಕು.

ಇನ್ನು ಆ 60ರ ನಡುಕ. ನನ್ನ ಅನುಮಾನ ಎಣ್ಣೆಯ ಜಾತಿಯ ಮೇಲೆ. ಆ ವೇಗದ ಸುಮಾರಿಗೆ ಟಾರ್ಕ್ ಕನ್ವರ್ಟರ್ ಒಳಗಿನ ಕ್ಲಚ್ ಕಚ್ಚಿಕೊಳ್ಳುತ್ತದೆ. ಎಣ್ಣೆ ಅದಕ್ಕೆ ಹೊಂದದಿದ್ದರೆ ಹಿಡಿದು, ಬಿಟ್ಟು, ಹಿಡಿದು, ಬಿಟ್ಟು ಮಾಡುತ್ತದೆ. ರಸ್ತೆಯ ಸಾಲು ಉಬ್ಬುಗಳ ಮೇಲೆ ಹೋದಂತೆ ಅನಿಸುತ್ತದೆ, ಅಲ್ವಾ? ಎಲ್ಲ ಕೆಂಪು ಎಣ್ಣೆಯೂ ಒಂದೇ ಅಂತ ಅಂಗಡಿಯವರು ಹೇಳುತ್ತಾರೆ. ಅಲ್ಲ. ಜಿಎಂ ಕಂಪನಿಯ ಆಟೋಮ್ಯಾಟಿಕ್ ಎಣ್ಣೆಯ ದರ್ಜೆಗಳನ್ನೇ ನೋಡು: ಡೆಕ್ಸ್ರಾನ್ 3 ಬಂದದ್ದು 1993ರಲ್ಲಿ, ಡೆಕ್ಸ್ರಾನ್ 6 ಬಂದದ್ದು 2005ರಲ್ಲಿ. ಎರಡೂ ಕೆಂಪೇ. ಆದರೆ 6 ಹೆಚ್ಚು ತೆಳು. ಟೊಯೋಟಾದ ಡಬ್ಲ್ಯೂಎಸ್ ಕೂಡ ತೆಳು ಎಣ್ಣೆಯೇ, ಆದರೂ ಡೆಕ್ಸ್ರಾನ್ 6ರ ಜಾಗಕ್ಕೆ ಅದನ್ನು ಹಾಕುವಂತಿಲ್ಲ. ಗ್ಯಾರೇಜಿಗೆ ಹೋಗಿ ಯಾವ ಡಬ್ಬಿ ಹಾಕಿದಿರಿ ಅಂತ ಕೇಳು. ಜಗಳ ಬೇಡ, ಡಬ್ಬಿ ನೋಡು. ಡಬ್ಬಿಯ ಬದಲು ಬಿಡಿ ಎಣ್ಣೆಯ ಬ್ಯಾರಲ್ ತೋರಿಸಿದರೆ, ಎಲ್ಲ ಗಾಡಿಗೂ ಒಂದೇ ಎಣ್ಣೆ ಹಾಕುತ್ತಾರೆ ಎಂಬ ಉತ್ತರ ಸಿಕ್ಕ ಹಾಗೆ.

ಮಷೀನ್ ಹಚ್ಚಿದವರು ಬಹಳ ಸಲ ಚೇಂಬರ್ ಬಿಚ್ಚುವುದೇ ಇಲ್ಲ. ಕೂಲರ್ ಪೈಪಿಗೆ ಜೋಡಿಸಿ ಹಳೇ ಎಣ್ಣೆ ತೆಗೆದು ಹೊಸದು ತುಂಬುತ್ತಾರೆ. ಫಿಲ್ಟರ್ ಹಳೆಯದೇ, ಮ್ಯಾಗ್ನೆಟ್ ಮೇಲಿನ ಕೆಸರೂ ಹಾಗೇ. ಹೊಸ ಎಣ್ಣೆ ಕೆಸರನ್ನು ಎಬ್ಬಿಸಿತೆಂದರೆ ಅದು ಫಿಲ್ಟರಿಗೋ, ಎಣ್ಣೆಯನ್ನು ಬೇಕಾದ ಗೇರಿಗೆ ಕಳಿಸುವ ವಾಲ್ವ್ ಬಾಡಿಗೋ ಹೋಗಿ ಕೂರುತ್ತದೆ. ಚೇಂಬರನ್ನು ನಿನ್ನೆದುರಿಗೇ ಬಿಚ್ಚಿಸು. ಮ್ಯಾಗ್ನೆಟ್ ಮೇಲೆ ಬೂದಿ ಬಣ್ಣದ ನುಣ್ಣನೆ ಕೆಸರಿದ್ದರೆ ಮಾಮೂಲು, ಹೆದರಬೇಡ. ಚಮಕಿಯ ಹಾಗೆ ಹೊಳೆಯುವ ಚೂರು, ಕರಿ ಪುಡಿ, ಸುಟ್ಟ ವಾಸನೆ ಇದ್ದರೆ ಗೇರ್ ಬಾಕ್ಸ್ ಇಳಿಸಬೇಕು ಎಂದವರ ಮಾತು ನಿಜ. ಹಿತ್ತಾಳೆ, ಅಲ್ಯೂಮಿನಿಯಂ ಮ್ಯಾಗ್ನೆಟಿಗೆ ಅಂಟಲ್ಲ, ತಳದ ಎಣ್ಣೆಯನ್ನೂ ಬಿಳಿ ಬಟ್ಟೆಯ ಮೇಲೆ ಸುರಿದು ನೋಡು. ಎಣ್ಣೆ ಗುಲಾಬಿ ಹಾಲಿನ ಹಾಗಿದ್ದರೆ ರೇಡಿಯೇಟರಿನ ನೀರು ಸೇರಿದೆ, ಅದು ಬೇರೆಯೇ ರೋಗ.

ಹಳೇ ಎಣ್ಣೆ ತಿರುಗಿ ಹಾಕುವ ಮಾತು ಹುಟ್ಟಿದ್ದಕ್ಕೂ ಕಾರಣವಿದೆ. ಸವೆದ ಪ್ಲೇಟಿನ ಪುಡಿ ಹಳೇ ಎಣ್ಣೆಯಲ್ಲಿ ತೇಲುತ್ತಾ ಇರುತ್ತದೆ, ಅದರಿಂದಲೇ ಹಿಡಿತ ಸಿಗುತ್ತದೆ ಅಂತ ಮೇಸ್ತ್ರಿಗಳ ಲೆಕ್ಕ. ಇರಬಹುದು. ಆದರೆ ಹಾಗೆ ನಡೆಯುವ ಗೇರ್ ಬಾಕ್ಸ್ ಮೊದಲೇ ಸವೆದದ್ದು. ಬಿಚ್ಚಿ ಹೇಳುತ್ತೇನೆ ತಮ್ಮಾ, 1 ಲಕ್ಷ 40 ಸಾವಿರ, ಅದೂ ಟ್ರಾಲಿ ಎಳೆದು, ಅದೂ ಘಾಟಿನಲ್ಲಿ. ತಪ್ಪೆಲ್ಲ ಫ್ಲಶ್ ಮಾಡಿದವನದೇ ಅಂತ ನಾನು ಒಪ್ಪಲ್ಲ.

ಸರಿಯಾದ ಎಣ್ಣೆ, ಸರಿಯಾದ ಮಟ್ಟ, ಹೊಸ ಫಿಲ್ಟರ್ ಆದ ಮೇಲೆ ಸ್ಕ್ಯಾನರಿನಲ್ಲಿ ಗೇರ್ ಹಾಕುವ ಬಗ್ಗೆ ಕಂಪ್ಯೂಟರ್ ಕಲಿತಿದ್ದ ಹಳೇ ಲೆಕ್ಕ ಅಳಿಸಿ ಹೊಸದಾಗಿ ಕಲಿಸಬೇಕು. ಪಿ0730, ಪಿ0741 ಎಂಬ ದೋಷದ ಕೋಡ್ ಇವೆಯಾ ಕೇಳು. ಮೊದಲನೆಯದು ಗೇರ್ ಜಾರಿಕೆಗೆ, ಎರಡನೆಯದು ಆ ಕನ್ವರ್ಟರ್ ಕ್ಲಚ್ಚಿಗೆ. ಬೇರೆ ಜಾತಿಯ ಎಣ್ಣೆ ಹಾಕಿದ್ದೇ ನಿಜವಾದರೆ ಒಂದೇ ಸಲಕ್ಕೆ ಹೋಗಲ್ಲ. ಚೇಂಬರ್ ಇಳಿಸಿದರೆ ಅರ್ಧದಷ್ಟೂ ಬರಲಿಕ್ಕಿಲ್ಲ, ಉಳಿದದ್ದು ಕನ್ವರ್ಟರಿನಲ್ಲಿರುತ್ತದೆ. ನಡುವೆ ಸ್ವಲ್ಪ ಓಡಿಸಿ ಎರಡು ಮೂರು ಸಲ ಬದಲಿಸು.

ಗಾಡಿ ಉಳಿದರೆ ರೇಡಿಯೇಟರ್ ಮುಂದೆ ಗೇರ್ ಆಯಿಲಿಗೆ ಬೇರೆ ಕೂಲರ್ ಹಾಕಿಸು. ಘಾಟಿನಲ್ಲಿ ಮ್ಯಾನುವಲ್‌ಗೆ ತಂದು ಕೆಳಗಿನ ಗೇರಿನಲ್ಲೇ ಹತ್ತು.

ಪ್ರಶ್ನೆ: ನಮ್ಮ ಆಟೋಮ್ಯಾಟಿಕ್ ಕಾರು ಬೀಳಗಿ ಹತ್ತಿರ ಹೊಲದ ಮನೆಯಲ್ಲಿ ಕೆಟ್ಟು ನಿಂತಿದೆ. ನ್ಯೂಟ್ರಲ್‌ಗೆ ಹಾಕಿ, ಹಗ್ಗ ಕಟ್ಟಿ, ಟ್ರ್ಯಾಕ್ಟರಿನಿಂದ ಬಾಗಲಕೋಟೆಗೆ ಎಳೆದುಕೊಂಡು ಹೋಗಬಹುದೇ?
(ಓದುಗರೊಬ್ಬರು, ಬಾಗಲಕೋಟೆ)

ಉತ್ತರ: ಬೇಡ್ರಿ. ಎಂಜಿನ್ ಬಂದ್ ಇದ್ದರೆ ಪಂಪ್ ತಿರುಗಲ್ಲ ಅಂತ ಮೇಲೆ ಹೇಳಿದೆನಲ್ಲ, ಇಲ್ಲೂ ಅದೇ ಕಥೆ. ಚಕ್ರ ತಿರುಗಿದಂತೆ ಗೇರ್ ಬಾಕ್ಸಿನ ಒಳಭಾಗ ತಿರುಗುತ್ತದೆ, ಎಣ್ಣೆ ಮಾತ್ರ ಮೇಲೆ ಬರಲ್ಲ. ಎಂಜಿನ್ನಿನ ಶಕ್ತಿ ಹೋಗುವ ಚಕ್ರಗಳು ನೆಲ ಮುಟ್ಟಬಾರದು. ಮುಂದಿನ ಚಕ್ರಕ್ಕೆ ಶಕ್ತಿ ಹೋಗುವ ಕಾರಾದರೆ ಮುಂಭಾಗ ಎತ್ತಿ ಒಯ್ಯಬಹುದು. ನಾಲ್ಕೂ ಚಕ್ರಕ್ಕೆ ಹೋಗುವುದಾದರೆ ಪೂರ್ತಿ ಹೇರಿಕೊಂಡೇ ಹೋಗಬೇಕು. ಟ್ರ್ಯಾಕ್ಟರ್ ಹೇಗೂ ಇದೆಯಲ್ಲ, ಹೊಲದಿಂದ ಡಾಂಬರು ರಸ್ತೆಯವರೆಗೆ ನಡಿಗೆಯ ವೇಗದಲ್ಲಿ ಎಳೆದು ತನ್ನಿ. ಅಲ್ಲಿಂದ ಮುಂದೆ ಲಾರಿ ಕರೆಸಿ.