ಓಆರ್‌ಎಸ್‌ನಲ್ಲಿ ಸಕ್ಕರೆ ರುಚಿಗಲ್ಲ
ಭೇದಿಯಾದ ಮಗುವಿಗೆ ಬರೀ ಉಪ್ಪುನೀರು ಸಾಲದೇ, ಓಆರ್‌ಎಸ್‌ನಲ್ಲಿ (ಭೇದಿಯಲ್ಲಿ ಕಳೆದ ನೀರು, ಉಪ್ಪು ತುಂಬಲು ಕುಡಿಸುವ ದ್ರಾವಣ) ಸಕ್ಕರೆ ಏಕೆ ಎಂದು ಕೇಳಿದ್ದೀರಿ. ಸಣ್ಣ ಕರುಳಿನ ಕೋಶಪೊರೆಯಲ್ಲಿ ಒಂದು ಪ್ರೋಟೀನ್ ಇದೆ. ಉಪ್ಪಿನಿಂದ ಬರುವ ಎರಡು ಸೋಡಿಯಂ ಅಯಾನುಗಳ (ವಿದ್ಯುದಾವೇಶದ ಕಣ) ಜೊತೆ ಸಕ್ಕರೆಯ ರೂಪವಾದ ಒಂದು ಗ್ಲೂಕೋಸ್ ಬಂದರೆ ಎರಡನ್ನೂ ಒಟ್ಟಿಗೇ ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಅವುಗಳ ಬೆನ್ನಿಗೆ ನೀರು ತಾನಾಗಿ ಹೋಗುತ್ತದೆ. ಆಮೇಲೆ ಕೋಶದ ಇನ್ನೊಂದು ಬದಿಯ ಪಂಪಿನಂಥ ಪ್ರೋಟೀನ್ ಮೂರು ಸೋಡಿಯಂ ಅನ್ನು ರಕ್ತದ ಕಡೆಗೆ ಹೊರದಬ್ಬಿ ಎರಡು ಪೊಟ್ಯಾಸಿಯಂ ಒಳಗೆಳೆಯುತ್ತದೆ.

ಮಂಡ್ಯದವರಾದ ನಮಗೆ ಎಲ್ಲದಕ್ಕೂ ಕಬ್ಬಿನ ಹಾಲೇ ಮದ್ದು! ಇಲ್ಲಿ ಮಾತ್ರ ಬೇಡ. ಉಪ್ಪು ಬೆರೆಸಿದ ಮಾವಿನ ಹೋಳು ಜಾಡಿಯ ತಳದಲ್ಲಿ ನೀರು ಬಿಡುವುದನ್ನು ನೋಡಿದ್ದೀರಲ್ಲ? ಸಿಹಿ ಅತಿಯಾದರೆ ಮೈಯ ನೀರೂ ಹಾಗೆಯೇ ಕರುಳಿಗೆ ಇಳಿದು ಭೇದಿ ಜೋರಾಗುತ್ತದೆ. 2002ರ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಪುಡಿ ಬೆರೆಸಿ. ಮಗು ಮಂಕಾದರೆ ಕಾಯದೆ ಆಸ್ಪತ್ರೆಗೆ ಹೊರಡಿ.